ಗುರಿಗೆ ದಿನ, ಹೊತ್ತು, ಜಾಗ ಗೊತ್ತು ಮಾಡಿ

ಯುಗಾದಿಗೋ ಜನವರಿ ಒಂದಕ್ಕೋ ಮೈಸೂರು-ಮಂಡ್ಯ ಕಡೆಯ ಮನೆಗಳಲ್ಲಿ ಕೇಳಿಬರುವ ಮಾತು ಹೆಚ್ಚೂಕಡಿಮೆ ಒಂದೇ. "ಈ ವರ್ಷ ನಾಲ್ಕು ಕಾಸು ಕೂಡಿಡಬೇಕು." "ಶುಗರ್ ಜಾಸ್ತಿಯಾಗಿದೆ, ವಾಕಿಂಗ್ ಶುರು ಮಾಡಬೇಕು." "ಅರ್ಧಕ್ಕೆ ನಿಂತ ಡಿಗ್ರಿ ಮುಗಿಸಬೇಕು." ಹೇಳುವವರು ಸೋಮಾರಿಗಳಲ್ಲ. ಬೆಳಕು ಹರಿಯುವ ಮೊದಲೇ ಹಸು ಕರೆದು ಡೇರಿಗೆ ಹಾಲು ಹಾಕುವವರು, ಮಂಡ್ಯದಿಂದ ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರು. ಇಷ್ಟು ದುಡಿಯುವವರ ಮಾತೂ ದಸರಾ ಹೊತ್ತಿಗೆ ಮರೆತುಹೋಗಿರುತ್ತದೆ.

ಛಲ ಸಾಲದು ಅಂತ ಬೈಯುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಹಾಲು ಹಾಕುವುದಕ್ಕೆ ಹೊತ್ತಿದೆ, ಟ್ರೈನಿಗೆ ಹೊತ್ತಿದೆ, ಮಕ್ಕಳ ಸ್ಕೂಲ್ ವ್ಯಾನಿಗೆ ಹೊತ್ತಿದೆ. ನಮ್ಮ ಗುರಿಗೆ ಮಾತ್ರ ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅನ್ನುವುದೇ ಗೊತ್ತಾಗಿರುವುದಿಲ್ಲ. ಬಿಡುವಾದಾಗ ಮಾಡೋಣ ಅಂತ ಇಟ್ಟ ಕೆಲಸಕ್ಕೆ ಬಿಡುವು ಆಗುವುದೇ ಇಲ್ಲ, ಅಲ್ವಾ? ಆ ದಿನ, ಹೊತ್ತು, ಜಾಗ ಗೊತ್ತು ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ಮತ್ತೆ ನಿಮ್ಮ ಅಡುಗೆಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರ್.

ಹಂತ 1: ಎಲ್ಲ ಬರೆಯಿರಿ, ಒಂದನ್ನು ಉಳಿಸಿಕೊಳ್ಳಿ

ಮನೆಯವರು ಮಲಗಿದ ಮೇಲೆ ಅರ್ಧ ಗಂಟೆ ಕೂತು ತಲೆಯಲ್ಲಿರುವುದನ್ನೆಲ್ಲ ಒಂದೊಂದೇ ಸಾಲಲ್ಲಿ ಬರೆಯಿರಿ. ಚೆಂದ ಮಾಡಿ ಬರೆಯುವುದು ಬೇಡ. ಮಂಡ್ಯ ಹತ್ತಿರದ ಒಂದು ಹಳ್ಳಿಯ ಗೃಹಿಣಿ ಬರೆದರೆ ಹೀಗಿರಬಹುದು ಅಂದುಕೊಳ್ಳಿ: ಗಿರವಿ ಇಟ್ಟ ಸರ ಬಿಡಿಸಬೇಕು. ಮಗಳ ಕಾಲೇಜು ಫೀಸು. ಅತ್ತೆಯ ಕಣ್ಣಿನ ಆಪರೇಷನ್. ಹೊಲಿಗೆ ಮೆಷಿನ್ ಮತ್ತೆ ಶುರು ಮಾಡಬೇಕು. ಸ್ಕೂಟರ್ ಕಲಿಯಬೇಕು. ಸೊಂಟ ನೋವಿಗೆ ಏನಾದ್ರೂ ಮಾಡಬೇಕು.

ಈ ಪಟ್ಟಿಯಲ್ಲಿ ಎರಡು ಬಗೆ ಬೆರೆತಿವೆ. ಅತ್ತೆಯ ಕಣ್ಣಿನ ಆಪರೇಷನ್ ಗುರಿಯಲ್ಲ, ಕೆಲಸ. ಆಸ್ಪತ್ರೆಗೆ ಫೋನ್ ಮಾಡಿ ದಿನ ತೆಗೆದುಕೊಂಡರೆ ಅದು ದಾರಿಗೆ ಬರುತ್ತದೆ. ಸೊಂಟ ನೋವೂ ಮೊದಲು ಡಾಕ್ಟರ ಹತ್ತಿರ ಹೋಗಬೇಕಾದ ಕೆಲಸ. ಇಂಥವನ್ನು ಬೇರೆ ಹಾಳೆಗೆ ಬರೆದು ಈ ವಾರವೇ ಮುಗಿಸಿ. ತಲೆಯ ಭಾರ ಅರ್ಧ ಇಳಿಯುತ್ತದೆ. ಉಳಿದದ್ದು ತಿಂಗಳುಗಟ್ಟಲೆ ಒಂದೇ ಸಮ ಮಾಡಬೇಕಾದವು. ಗುರಿ ಅನ್ನುವುದು ಅವಕ್ಕೆ.

ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಎರಡು ಬೇಡ. ಮನೆ, ಹೊಲ, ನೌಕರಿ ಮೂರನ್ನೂ ತೂಗಿಸುವವರಿಗೆ ವಾರದಲ್ಲಿ ಸಿಗುವುದು ನಾಲ್ಕೈದು ಗಂಟೆ. ಅದನ್ನು ಮೂರು ಗುರಿಗೆ ಹಂಚಿದರೆ ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಹೀಗೆ: ತಡವಾದಷ್ಟೂ ನಷ್ಟ ಜಾಸ್ತಿಯಾಗುವುದು ಯಾವುದು? ಮೇಲಿನ ಪಟ್ಟಿಯಲ್ಲಿ ಗಿರವಿ ಸರ. ಬಡ್ಡಿ ಏರುತ್ತಾ ಹೋಗುತ್ತದೆ, ಅವಧಿ ಮೀರಿದರೆ ಸರವೇ ಹರಾಜಿಗೆ ಬರುತ್ತದೆ. ಸ್ಕೂಟರ್ ಆರು ತಿಂಗಳು ಕಾಯಬಹುದು.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಇದು ಯಾರ ಆಸೆ? ನೆಂಟರ ಮದುವೆಗೆ ಹೋದಾಗಲೆಲ್ಲ "ಮಗನಿಗೆ ಕೆಲಸ ಆಯ್ತಾ?" ಅಂತ ಕೇಳುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಸರ್ಕಾರಿ ಕೆಲಸದ ಪರೀಕ್ಷೆಗೆ ಓದಲು ಕೂರುವ ಹುಡುಗರು ನಮ್ಮ ಕಡೆ ಬಹಳ. ಕೆಲವರಿಗೆ ನಿಜಕ್ಕೂ ಅದೇ ಬೇಕು, ಅವರು ಓದಲಿ. ಬೇರೆ ಏನೋ ಮಾಡುವ ಮನಸ್ಸಿದ್ದೂ ಬಾಯಿ ಬಿಡಲಾರದೆ ಓದುವವರು ಮೂರು ನಾಲ್ಕು ವರ್ಷ ಕಳೆದುಕೊಳ್ಳುತ್ತಾರೆ. ನೋಡಿದರೆ ಸಂಕಟವಾಗುತ್ತದೆ. "ಯಾರೂ ಕೇಳದಿದ್ದರೂ ನಾನು ಇದನ್ನು ಮಾಡ್ತಿದ್ನಾ?" ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೌದು ಅಂದರೆ ಮುಂದಿನ ಹಂತಕ್ಕೆ ಹೋಗಿ.

ಬರೆಯುವ ವಿಷಯದಲ್ಲಿ ಒಂದು ಮಾತು. ಯೇಲ್ ವಿಶ್ವವಿದ್ಯಾಲಯದ 1953ರ ವಿದ್ಯಾರ್ಥಿಗಳಲ್ಲಿ ಗುರಿ ಬರೆದಿಟ್ಟಿದ್ದ ಶೇಕಡ 3 ಜನ ಮುಂದೆ ಉಳಿದವರೆಲ್ಲರಿಗಿಂತ ಹೆಚ್ಚು ಗಳಿಸಿದರು ಅನ್ನುವ ಕಥೆಯನ್ನು ನೀವೂ ಯಾವುದೋ ಭಾಷಣದಲ್ಲಿ ಕೇಳಿರಬಹುದು. ಅಂಥ ಅಧ್ಯಯನ ನಡೆದೇ ಇಲ್ಲ. ಬರೆದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಬರೆದರೆ ಗೋಜಲು ಬಿಡುತ್ತದೆ, ಯಾವುದು ಮೊದಲು ಅಂತ ಕಣ್ಣಿಗೆ ಕಾಣುತ್ತದೆ. ನಮಗೆ ಅಷ್ಟು ಸಾಕು.

ಹಂತ 2: ಅಳೆಯಲು ಬರುವ ಹಾಗೆ ಹೇಳಿ

ಮಳೆಗಾಲದಲ್ಲಿ ಮಂಡ್ಯದ ಯಾವುದೇ ಟೀ ಅಂಗಡಿಯ ಮುಂದೆ ನಿಂತು ಕಟ್ಟೆಗೆ ನೀರು ಬಂತಾ ಅಂತ ಕೇಳಿ. "ಚೆನ್ನಾಗಿದೆ" ಅಂತ ಯಾರೂ ಹೇಳುವುದಿಲ್ಲ. "ನೂರಾ ಹತ್ತಾಗಿದೆ, ಒಳಹರಿವು ಜೋರಾಗಿದೆ" ಅನ್ನುತ್ತಾರೆ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ, ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಡಿಯ ಲೆಕ್ಕ ಗೊತ್ತಿದ್ದರೆ ಭತ್ತದ ಒಟ್ಲು ಹಾಕಬೇಕೋ ಕಾಯಬೇಕೋ ಅಂತ ತೀರ್ಮಾನ ಮಾಡಬಹುದು. ನಿಮ್ಮ ಗುರಿಗೂ ಅಂಥದ್ದೊಂದು ಅಳತೆ ಬೇಕು.

ಅಮೆರಿಕದ ಮನಃಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಇದೇ ವಿಷಯದ ಮೇಲೆ ಒಂದು ಪ್ರಬಂಧ ಬರೆದರು. ಮುಂದೆ ಗ್ಯಾರಿ ಲೇಥಮ್ ಜೊತೆ ಸೇರಿ ದಶಕಗಟ್ಟಲೆ ಕೆಲಸ ಮಾಡಿದರು. ಅವರು ಕಂಡದ್ದು ಇಷ್ಟು: "ನಿನ್ನ ಕೈಲಾದಷ್ಟು ಮಾಡು" ಅಂತ ಹೇಳಿಸಿಕೊಂಡವರಿಗಿಂತ, ಇಷ್ಟು ಅಂತ ನಿಖರವಾದ, ಸ್ವಲ್ಪ ಕಷ್ಟವೂ ಆದ ಗುರಿ ಪಡೆದವರು ಹೆಚ್ಚು ಕೆಲಸ ಮಾಡುತ್ತಾರೆ. ಹಾಗಾಗಿ "ದುಡ್ಡು ಉಳಿಸಬೇಕು" ಅನ್ನುವುದನ್ನು "ಮುಂದಿನ ದೀಪಾವಳಿಯೊಳಗೆ 60,000 ರೂಪಾಯಿ ಕಟ್ಟಿ ಸರ ಬಿಡಿಸಬೇಕು" ಅಂತ ಬದಲಿಸಿ. "ವಾಕಿಂಗ್ ಮಾಡಬೇಕು" ಅನ್ನುವುದನ್ನು "ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಬಿರುಸು ನಡಿಗೆ" ಅಂತ ಬದಲಿಸಿ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ನಡಿಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟನ್ನೇ.

ಇಲ್ಲಿ ಒಂದು ಎಚ್ಚರಿಕೆ. ಪೂರ್ತಿ ಹೊಸದನ್ನು ಕಲಿಯಲು ಹೊರಟಿದ್ದರೆ ಶುರುವಿಗೇ ಫಲಿತಾಂಶದ ಸಂಖ್ಯೆ ಇಟ್ಟುಕೊಳ್ಳಬೇಡಿ. ಹೊಲಿಗೆ ಈಗಷ್ಟೇ ಕಲಿಯುತ್ತಿರುವವರು "ತಿಂಗಳಿಗೆ 30 ಬ್ಲೌಸ್" ಅಂತ ಹೊರಟರೆ ಕೈ ನಡುಗುತ್ತದೆ, ಬಟ್ಟೆ ಕೆಡುತ್ತದೆ. ಮೊದಲು "ಈ ತಿಂಗಳು ಕಟಿಂಗ್, ಮುಂದಿನ ತಿಂಗಳು ತೋಳು ಕೂರಿಸುವುದು" ಅಂತ ಕಲಿಕೆಯನ್ನೇ ಅಳೆಯಿರಿ. ಕೈ ಪಳಗಿದ ಮೇಲೆ ಬ್ಲೌಸ್ ಎಣಿಸಿ.

ಹಂತ 3: ನಿಮ್ಮ ಕೈಲಿರುವುದನ್ನು ಬೇರೆ ಮಾಡಿ

ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಕೈಲಿರುವುದು, ಬಲಕ್ಕೆ ಇಲ್ಲದ್ದು.

ಪರೀಕ್ಷೆಗೆ ಓದುವವರಿಗೆ ಇದು ಎಲ್ಲರಿಗಿಂತ ಮುಖ್ಯ. 2021ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಪಾಸಾಗಿದ್ದವರೂ ಮತ್ತೆ ಕೂತು ಬರೆಯಬೇಕಾಯಿತು. ಅದರಲ್ಲಿ ಆ ಹುಡುಗ ಹುಡುಗಿಯರ ತಪ್ಪು ಏನಿತ್ತು? ನೋಟಿಫಿಕೇಶನ್ ಯಾವಾಗ ಬರುತ್ತದೆ, ಎಷ್ಟು ಹುದ್ದೆ, ಕಟ್ ಆಫ್ ಎಷ್ಟು, ಕೋರ್ಟಿನಲ್ಲಿ ಏನಾಗುತ್ತದೆ, ಇದೆಲ್ಲ ಗೆರೆಯ ಬಲಕ್ಕೆ.

ಎಡಕ್ಕೆ ಏನು? ಆರರಿಂದ ಹತ್ತನೇ ಕ್ಲಾಸಿನವರೆಗಿನ ಸಮಾಜ ವಿಜ್ಞಾನ, ವಿಜ್ಞಾನದ ಪಠ್ಯಪುಸ್ತಕಗಳನ್ನು ಮೂರು ತಿಂಗಳಲ್ಲಿ ಓದಿ ಮುಗಿಸುವುದು. ವಾರಕ್ಕೆ ಎರಡು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು. ತಪ್ಪಾದ ಪ್ರಶ್ನೆಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಡುವುದು. "ಪಿಎಸ್‌ಐ ಆಗಬೇಕು" ಅನ್ನುವುದು ಮನಸ್ಸಲ್ಲಿರಲಿ, ಗೋಡೆಯ ಮೇಲೆ ಬರೆದು ಅಂಟಿಸುವುದು ಎಡಗಡೆಯದ್ದಾಗಿರಲಿ. ಫಲಿತಾಂಶ ತಡವಾದರೂ ಈ ವಾರ ನಾನು ಮಾಡಬೇಕಾದದ್ದು ಮಾಡಿದೆ ಅಂತ ನೆಮ್ಮದಿಯಾಗಿ ಮಲಗಬಹುದು.

ಹಂತ 4: ಅಡಿಪಾಯ ದೊಡ್ಡದು, ಮೊದಲ ಹಂತ ಚಿಕ್ಕದು

ಕನ್ನಂಬಾಡಿ ಕಟ್ಟೆ ಕಟ್ಟಿದ ರೀತಿಯಲ್ಲಿ ನಮಗೆ ಬೇಕಾದ ಒಂದು ವಿಷಯವಿದೆ. ಕೆಲಸ ಶುರುವಾದದ್ದು 1911ರಲ್ಲಿ. ಮೈಸೂರು ಸಂಸ್ಥಾನಕ್ಕೆ ಬೇಕಾಗಿದ್ದದ್ದು 41.5 ಟಿಎಂಸಿ ನೀರು ಹಿಡಿಯುವ ಕಟ್ಟೆ. ಮದ್ರಾಸಿನವರು ಒಪ್ಪಲಿಲ್ಲ. ಭಾರತ ಸರ್ಕಾರದವರೆಗೂ ಹೋಗಿ ಕೊನೆಗೆ ಸಿಕ್ಕ ಅನುಮತಿ 11 ಟಿಎಂಸಿಗೆ ಮಾತ್ರ. ಆದರೆ ಅಡಿಪಾಯ ಹಾಕುವಾಗ ಪೂರ್ತಿ ಎತ್ತರದ ಕಟ್ಟೆಗೆ ಆಗುವ ಹಾಗೇ ಹಾಕಿದರು. ಮೇಲಿನ ಹಂತಕ್ಕೆ ಮೈಸೂರು, ಮದ್ರಾಸ್ ನಡುವಿನ 1924ರ ಒಪ್ಪಂದ ದಾರಿ ಮಾಡಿಕೊಟ್ಟಿತು. ಕೈಗೆ ಸಿಕ್ಕಷ್ಟರಿಂದ ಕೆಲಸ ಶುರು ಮಾಡಿದರು, ಮುಂದಿನದ್ದನ್ನು ಮನಸ್ಸಲ್ಲಿಟ್ಟುಕೊಂಡೇ ತಳ ಹಾಕಿದರು.

ನಿಮ್ಮ ಗುರಿಯನ್ನೂ ಹಾಗೆ ಒಡೆಯಿರಿ. ಮೊದಲ ಹಂತಕ್ಕೆ ಮೂರು ತಿಂಗಳು ಸಾಕು. ಅದಕ್ಕಿಂತ ದೂರದ್ದನ್ನು ಈಗಲೇ ದಿನದ ಲೆಕ್ಕದಲ್ಲಿ ಬರೆದರೆ ಅದು ಆ ಪ್ರಕಾರ ನಡೆಯುವುದಿಲ್ಲ.

ಡಿಗ್ರಿ ಮುಗಿಸಬೇಕು ಅನ್ನುವವರ ಉದಾಹರಣೆ ನೋಡೋಣ. 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನಮ್ಮ ಮೈಸೂರಿನಲ್ಲೇ ಇದೆ. ಕೆಲಸ ಮಾಡುತ್ತಲೇ ಅಲ್ಲಿ ಓದಬಹುದು. ಮೂರು ವರ್ಷದ ಓದನ್ನು ನೆನೆಸಿಕೊಂಡರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಮೊದಲ ಮೂರು ತಿಂಗಳಿಗೆ ಇಷ್ಟೇ ಬರೆಯಿರಿ: ಪಿಯುಸಿ ಅಂಕಪಟ್ಟಿ, ಟಿ.ಸಿ. ಹುಡುಕಿ ಒಂದು ಫೈಲಿಗೆ ಹಾಕುವುದು. ಒಂದು ದಿನ ವಿಶ್ವವಿದ್ಯಾಲಯದ ಆವರಣ ಮುಕ್ತಗಂಗೋತ್ರಿಗೆ ಹೋಗಿ ಪ್ರವೇಶದ ದಿನಾಂಕ, ಫೀಸು, ಹಳೆಯ ಕಾಲೇಜಿನ ಓದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಕೇಳಿಕೊಂಡು ಬರುವುದು. ಫೀಸಿನ ದುಡ್ಡು ಬೇರೆ ಇಡುವುದು. ಅರ್ಜಿ ಹಾಕುವುದು. ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಕೂರುವ ಅಭ್ಯಾಸ ಮಾಡಿಕೊಳ್ಳುವುದು. ಪುಸ್ತಕ ಕೈಗೆ ಬರುವ ಮೊದಲೇ ಕೂರುವುದು ರೂಢಿಯಾದರೆ ಆಮೇಲೆ ಕಷ್ಟವಿಲ್ಲ.

ಹಂತದ ಅವಧಿ ನಿಗದಿ ಮಾಡುವಾಗ ನಾವೆಲ್ಲ ಒಂದೇ ಕಡೆ ಎಡವುತ್ತೇವೆ. ಕೆಲಸಕ್ಕೆ ಹಿಡಿಯುವ ಸಮಯವನ್ನು ಕಡಿಮೆ ಅಂದಾಜು ಮಾಡುವುದು ಮನುಷ್ಯರ ಸ್ವಭಾವ ಅಂತ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದಾರೆ. ಎರಡು ತಿಂಗಳು ಸಾಕು ಅನ್ನಿಸಿದರೆ ಮೂರು ಅಂತ ಬರೆಯಿರಿ. ಜೊತೆಗೆ ಕ್ಯಾಲೆಂಡರ್ ತೆಗೆದು ಯಾವ ವಾರ ನಿಮ್ಮ ಕೈಲಿರುವುದಿಲ್ಲ ಅಂತ ಮೊದಲೇ ಗುರುತು ಹಾಕಿ. ನಾಲೆಗೆ ನೀರು ಬಿಟ್ಟ ಮೇಲೆ ನಾಟಿಯ ದಿನಗಳಲ್ಲಿ ಹಳ್ಳಿಯವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ದಸರಾದ ಹತ್ತು ದಿನ ಮೈಸೂರಿನ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ. ಮದುವೆ ತಿಂಗಳು, ಊರ ಹಬ್ಬ, ಮಕ್ಕಳ ಪರೀಕ್ಷೆ ಬೇರೆ. ಆ ವಾರಗಳಿಗೆ ಗುರಿಯ ಕೆಲಸವನ್ನು ಕಾಲು ಭಾಗಕ್ಕೆ ಇಳಿಸಿ ಬರೆಯಿರಿ. ಇದಕ್ಕೆ ಎದುರಾಗಿ ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇರುವುದಿಲ್ಲ. ಪೇಟೆಯಲ್ಲಿರುವವರಿಗೆ ಓದಿಗಾಗಲಿ ಕಲಿಕೆಗಾಗಲಿ ಅದು ಬಂಗಾರದಂಥ ತಿಂಗಳು. ದೊಡ್ಡ ತುಂಡನ್ನು ಅಲ್ಲಿಗೆ ಇಡಿ.

ಹಂತ 5: ದಿನ, ಹೊತ್ತು, ಜಾಗ

ಇಡೀ ಲೇಖನದಲ್ಲಿ ಒಂದೇ ಒಂದು ಹಂತವನ್ನು ಮಾಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಪೀಟರ್ ಗಾಲ್‌ವಿಟ್ಸರ್ ಅನ್ನುವ ಮನಃಶಾಸ್ತ್ರಜ್ಞ 1999ರಲ್ಲಿ ಇದನ್ನು ವಿವರವಾಗಿ ಬರೆದರು. "ನಾನು ಇದನ್ನು ಮಾಡುತ್ತೇನೆ" ಅನ್ನುವ ನಿರ್ಧಾರಕ್ಕಿಂತ "ಇಂಥ ಹೊತ್ತು, ಇಂಥ ಜಾಗ ಬಂದಾಗ ಇದನ್ನು ಮಾಡುತ್ತೇನೆ" ಅನ್ನುವ ನಿರ್ಧಾರ ಹೆಚ್ಚು ನಡೆಯುತ್ತದೆ. ಕಾರಣ ಸರಳ. ಆ ಹೊತ್ತು ಬಂದಾಗ ಮತ್ತೆ ಯೋಚನೆ ಮಾಡುವ ಕೆಲಸ ಇರುವುದಿಲ್ಲ. ಯೋಚನೆ ಮಾಡುತ್ತಾ ಕೂತರೆ ತಾನೇ ಇವತ್ತು ಬೇಡ ಅನ್ನಿಸುವುದು!

ಈಗಾಗಲೇ ದಿನಾ ತಪ್ಪದೆ ನಡೆಯುವ ಕೆಲಸಕ್ಕೆ ಇದನ್ನು ಗಂಟು ಹಾಕಿ. ನೋಟ್‌ಬುಕ್ಕಿನಲ್ಲಿ ಪೂರ್ತಿ ವಾಕ್ಯವಾಗಿ ಬರೆಯಿರಿ:

"ಡೇರಿಗೆ ಹಾಲು ಹಾಕಿ ಕ್ಯಾನು ತೊಳೆದಿಟ್ಟ ಮೇಲೆ, ಕಾಫಿ ಕುಡಿಯುವ ಮೊದಲು, ನಾಲೆ ಏರಿ ಮೇಲೆ ಸೇತುವೆವರೆಗೆ ನಡೆದು ವಾಪಸ್ ಬರುತ್ತೇನೆ."

"ಸೋಮವಾರದಿಂದ ಶುಕ್ರವಾರ, ಬೆಳಗಿನ ಟ್ರೈನ್ ಮಂಡ್ಯ ಬಿಟ್ಟ ತಕ್ಷಣ ಪುಸ್ತಕ ತೆಗೆದು ರಾಮನಗರ ಬರುವವರೆಗೆ ಓದುತ್ತೇನೆ. ಆಮೇಲೆ ಮೊಬೈಲು."

"ಮಂಗಳವಾರ, ಗುರುವಾರ, ಶನಿವಾರ ಮಗನನ್ನು ಸ್ಕೂಲಿಗೆ ಬಿಟ್ಟು ಮನೆಗೆ ಬರದೆ ನೇರವಾಗಿ ಕುಕ್ಕರಹಳ್ಳಿ ಕೆರೆಗೆ ಹೋಗಿ ನಡೆಯುತ್ತೇನೆ."

ಮೂರನೆಯದರಲ್ಲಿ "ಮನೆಗೆ ಬರದೆ" ಅನ್ನುವುದನ್ನು ಗಮನಿಸಿ. ಮನೆಗೆ ಬಂದರೆ ಸಿಂಕ್ ತುಂಬ ಪಾತ್ರೆ ಕಾಣುತ್ತದೆ, ಪಕ್ಕದ ಮನೆಯ ಅಕ್ಕ ಮಾತಿಗೆ ಸಿಗುತ್ತಾರೆ, ಅಲ್ಲಿಗೆ ನಡಿಗೆ ಮುಗಿಯಿತು. ನಿಮ್ಮ ದಿನದಲ್ಲೂ ಇಂಥ ಒಂದು ಜಾಗ ಇರುತ್ತದೆ. ಅದನ್ನು ಹುಡುಕಿ ವಾಕ್ಯದೊಳಗೆ ಬರೆಯಿರಿ. ಶೂ ಬಾಗಿಲ ಹತ್ತಿರ ಇರಲಿ, ಪುಸ್ತಕ ಹಿಂದಿನ ರಾತ್ರಿಯೇ ಬ್ಯಾಗಿಗೆ ಹೋಗಲಿ.

ಅಡ್ಡಿಗಳಿಗೂ ಇದೇ ಥರ ಒಂದೊಂದು ವಾಕ್ಯ ಬರೆದಿಡಿ. "ಮಳೆ ಬಂದರೆ ಪಡಸಾಲೆಯಲ್ಲೇ 15 ನಿಮಿಷ ನಡೆಯುತ್ತೇನೆ." "ನೆಂಟರು ಬಂದರೆ ರಾತ್ರಿ ಮಲಗುವ ಮೊದಲು 10 ನಿಮಿಷ ಓದುತ್ತೇನೆ." "ಟ್ರೈನಲ್ಲಿ ಸೀಟು ಸಿಗದಿದ್ದರೆ ನಿಂತುಕೊಂಡೇ ಇಯರ್‌ಫೋನ್ ಹಾಕಿ ಪಾಠ ಕೇಳುತ್ತೇನೆ." ಕಡಿಮೆ ಆದರೂ ಪರವಾಗಿಲ್ಲ, ಆ ದಿನದ ಕೊಂಡಿ ಕಳಚಬಾರದು.

ನಡಿಗೆ ಆರಿಸಿಕೊಂಡವರಿಗೆ ಚಾಮುಂಡಿ ಬೆಟ್ಟ ಒಳ್ಳೆಯ ಗುರುತು. ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ. ಮೊದಲ ಮೂರು ತಿಂಗಳು ನೆಲದ ಮೇಲಿನ ನಡಿಗೆ. ಆಮೇಲೆ ಭಾನುವಾರ ಬೆಳಿಗ್ಗೆ ದಾರಿಯಲ್ಲಿ ಸಿಗುವ ದೊಡ್ಡ ನಂದಿವರೆಗೆ. ಉಸಿರು ಹಿಡಿತಕ್ಕೆ ಬಂದ ಮೇಲೆ ದೇವಸ್ಥಾನದವರೆಗೆ. ಮಂಡಿ ನೋವು, ಎದೆಯ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮೆಟ್ಟಿಲು ಹತ್ತಬೇಡಿ.

ಹಂತ 6: ದುಡ್ಡಿನ ಗುರಿಯಾದರೆ ಆದಾಯ ಬರುವ ದಿನ ನೋಡಿ

ಪತ್ರಿಕೆಗಳಲ್ಲಿ ಬರುವ ಉಳಿತಾಯದ ಸಲಹೆಗಳು ಬಹುಪಾಲು ಸಂಬಳದಾರರಿಗೆ ಬರೆದವು. ತಿಂಗಳ ಒಂದನೇ ತಾರೀಖು ಇಷ್ಟು ತೆಗೆದಿಡಿ ಅನ್ನುತ್ತಾರೆ. ಕಬ್ಬು ಬೆಳೆಯುವ ಮನೆಗೆ ಒಂದನೇ ತಾರೀಖು ಅನ್ನುವುದೇ ಇಲ್ಲ. ನಾಟಿ ಮಾಡಿದ ಕಬ್ಬು ಕಟಾವಿಗೆ ಬರಲು ಒಂದು ವರ್ಷ ಬೇಕು. ಕಬ್ಬು ಸರಬರಾಜಾದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ತಿಂಗಳುಗಟ್ಟಲೆ ಕಾದವರ ನೋವು ನಮ್ಮ ಜಿಲ್ಲೆಗೆ ಗೊತ್ತು. ಹಾಗಾಗಿ ಕಬ್ಬಿನ ದುಡ್ಡಿಗೆ ತಾರೀಖು ಕಟ್ಟಬೇಡಿ, "ದುಡ್ಡು ಬಂದ ದಿನ" ಅಂತ ಬರೆಯಿರಿ.

ರೈತರ ಮನೆಯ ಆದಾಯದಲ್ಲಿ ಎರಡು ಬಗೆ. ಹಾಲಿನ ಬಟವಾಡೆ ಸಣ್ಣದು, ಮೇಲಿಂದ ಮೇಲೆ ಬರುತ್ತದೆ. ಕಬ್ಬು, ಭತ್ತದ್ದು ದೊಡ್ಡದು, ವರ್ಷಕ್ಕೆ ಒಂದೆರಡು ಸಲ. ಗಿರವಿ ಸರದ ಲೆಕ್ಕವನ್ನೇ ಮಾಡೋಣ. ಸಾಲ 60,000 ಅಂದುಕೊಳ್ಳಿ. ಬಟವಾಡೆಗೆ 1,500ರಂತೆ ಕಟ್ಟಿದರೆ 40 ಬಟವಾಡೆ ಬೇಕು, ಬಡ್ಡಿ ಬೇರೆ. ಮನಸ್ಸು ಸೋಲುವುದು ಇಂಥ ಲೆಕ್ಕ ನೋಡಿಯೇ. ಕಬ್ಬಿನ ದುಡ್ಡು ಬಂದ ದಿನ ಅದರಲ್ಲಿ 30,000 ಅಸಲಿಗೆ ಕಟ್ಟಿದರೆ ಉಳಿಯುವುದು 20 ಬಟವಾಡೆ, ಬಡ್ಡಿಯೂ ಅರ್ಧಕ್ಕೆ ಇಳಿಯುತ್ತದೆ. ಭಾಗ ಭಾಗವಾಗಿ ಅಸಲು ಕಟ್ಟಲು ಬಿಡುತ್ತಾರಾ ಅಂತ ಗಿರವಿ ಇಟ್ಟ ಕಡೆ ಮೊದಲೇ ಕೇಳಿಕೊಳ್ಳಿ.

ದೊಡ್ಡ ದುಡ್ಡು ಬಂದ ವಾರ ಬಹಳ ಸೂಕ್ಷ್ಮ. ಗೊಬ್ಬರದಂಗಡಿ ಬಾಕಿ, ಕೈಸಾಲ, ಮೈದುನನ ಮನೆ ಕಾರ್ಯ, ಎಲ್ಲ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಕಟಾವಿಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಕೂತು ಹಂಚಿಕೆ ಬರೆದಿಡಿ. ಸಾಲಕ್ಕೆ ಎಷ್ಟು, ಮುಂದಿನ ಬೆಳೆಗೆ ಎಷ್ಟು, ಫೀಸಿಗೆ ಎಷ್ಟು, ಗುರಿಗೆ ಎಷ್ಟು. ದುಡ್ಡು ಖಾತೆಗೆ ಬಿದ್ದ ದಿನ ಮೊದಲು ಗುರಿಯ ಪಾಲನ್ನು ಕಟ್ಟಿ ಬನ್ನಿ, ಬೇರೆ ಮಾತು ಆಮೇಲೆ. ಈಗಲೇ ಬೇಡದ ದುಡ್ಡಾದರೆ ಅಂಚೆ ಕಚೇರಿಯಲ್ಲಿ 1, 2, 3, 5 ವರ್ಷದ ಟೈಮ್ ಡೆಪಾಸಿಟ್ ಇದೆ.

ತಿಂಗಳ ಸಂಬಳ ಬರುವವರಿಗೆ ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಹೊಂದುತ್ತದೆ. ತಿಂಗಳಿಗೆ ಕನಿಷ್ಠ 100 ರೂಪಾಯಿ, ಅವಧಿ 5 ವರ್ಷ. ಸಂಬಳ ಬಿದ್ದ ಮಾರನೆಯ ದಿನ ತಾನಾಗಿಯೇ ಕಡಿತವಾಗುವ ಹಾಗೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ಹಂತ 7: ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು

ನಮ್ಮ ಅಡುಗೆಮನೆಯ ಕ್ಯಾಲೆಂಡರ್ ನೋಡಿ. ಹಾಲು ಬೇಡ ಅಂದ ದಿನಕ್ಕೆ ಒಂದು ಇಂಟು. ಎಕ್ಸ್‌ಟ್ರಾ ತೆಗೆದುಕೊಂಡ ದಿನ "ಅರ್ಧ ಲೀ". ಸಿಲಿಂಡರ್ ಬಂದ ದಿನಕ್ಕೆ "ಗ್ಯಾಸ್". ಹೂವಿನವರಿಗೆ ಕೊಟ್ಟದ್ದು, ಚೀಟಿ ಕಟ್ಟಿದ್ದು. ಮೊಳೆಗೆ ದಾರ ಕಟ್ಟಿ ನೇತುಹಾಕಿದ ಪೆನ್ನು. ಲೆಕ್ಕ ಇಡುವುದು ನಮಗೆ ಹೊಸದಲ್ಲ, ಅಮ್ಮಂದಿರು ಎಂದಿನಿಂದಲೂ ಇಡುತ್ತಾ ಬಂದಿದ್ದಾರೆ. ಅದೇ ಚೌಕದ ಮೂಲೆಯಲ್ಲಿ ನಿಮ್ಮ ಗುರಿಗೂ ಒಂದು ಗುರುತು ಹಾಕಿ. ಮಾಡಿದ ದಿನ ಒಂದು ಚುಕ್ಕೆ. ಕಡಿಮೆ ಮಾಡಿದ ದಿನ ಅರ್ಧಚಂದ್ರ. ಬಿಟ್ಟ ದಿನ ಏನೂ ಬೇಡ. ಮೊಬೈಲಿನ ಆ್ಯಪ್‌ಗಿಂತ ನನಗೆ ಇದೇ ಹಿಡಿಸುತ್ತದೆ. ಒಲೆಯ ಮುಂದೆ ನಿಂತಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುವ ಮಾತು ಬಹಳ ಓಡಾಡುತ್ತದೆ. ಅದನ್ನು ನಂಬಿ 22ನೇ ದಿನವೂ ಕಷ್ಟವಾದಾಗ ತನ್ನಲ್ಲೇ ದೋಷವಿದೆ ಅಂತ ಕೈಬಿಡುವವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ ನೋಡಿದ್ದಾರೆ. ಹೊಸ ಕೆಲಸವೊಂದು ಯೋಚಿಸದೆ ಆಗುವ ಹಾಗೆ ರೂಢಿಯಾಗಲು ಅವರ ಲೆಕ್ಕದಲ್ಲಿ ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದರೆ ಅದರಿಂದ ಅಭ್ಯಾಸ ಹಾಳಾಗಲಿಲ್ಲ ಅನ್ನುವುದೂ ಅಲ್ಲೇ ಕಂಡಿತು. ಹಾಗಾಗಿ ಒಂದು ಚೌಕ ಖಾಲಿ ಉಳಿದರೆ ಬೇಜಾರು ಬೇಡ. ಎರಡನೇ ದಿನವೂ ಖಾಲಿಯಾಗದ ಹಾಗೆ ನೋಡಿಕೊಳ್ಳಿ.

ಹಂತ 8: ಒಬ್ಬರಿಗೆ ಹೇಳಿ

ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಅಲ್ಲಿ ಹೂವಿನ ಚಿತ್ರ, ಶಹಬ್ಬಾಸ್ ಎಲ್ಲ ಮೊದಲ ದಿನವೇ ಬಂದುಬಿಡುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ. ಒಬ್ಬರನ್ನು ಆರಿಸಿ. ನಿಮ್ಮನ್ನು ಬೈಯದೆ, ಬಿಡದೆ ಕೇಳುವವರು. "ಅಕ್ಕ, ಪ್ರತಿ ಭಾನುವಾರ ಸಾಯಂಕಾಲ ಒಂದು ಫೋನ್ ಮಾಡಿ ಈ ವಾರ ಎಷ್ಟು ದಿನ ಓದಿದೆ ಅಂತ ಕೇಳ್ತೀಯಾ? ಬುದ್ಧಿ ಹೇಳೋದು ಬೇಡ, ಎಷ್ಟು ದಿನ ಅಂತ ಕೇಳು ಸಾಕು." ಹೀಗೆ ಬಿಡಿಸಿ ಹೇಳಿದರೆ ಅಕ್ಕನಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಸ್ತ್ರೀಶಕ್ತಿ ಸಂಘಗಳಲ್ಲಿ ಇದು ಚೆನ್ನಾಗಿ ನಡೆಯುವುದನ್ನು ಕಾಣಬಹುದು. 2000-01ರಲ್ಲಿ ರಾಜ್ಯದಲ್ಲಿ ಶುರುವಾದ ಆ ಸಂಘಗಳ ಬಲ ಇರುವುದೇ ವಾರದ ಸಭೆಯಲ್ಲಿ. ಹತ್ತು ಹದಿನೈದು ಹೆಂಗಸರು ಒಂದೇ ದಿನ, ಒಂದೇ ಜಗಲಿಯಲ್ಲಿ ಕೂತು ಪುಸ್ತಕದಲ್ಲಿ ಬರೆಸುತ್ತಾರೆ. ನೀವು ಸಂಘದಲ್ಲಿದ್ದರೆ ಸಭೆ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೂ ಇಟ್ಟುಕೊಳ್ಳಬಹುದು.

ಹಂತ 9: ವಾರಕ್ಕೊಮ್ಮೆ ಲೆಕ್ಕ, ಮೂರು ತಿಂಗಳಿಗೊಮ್ಮೆ ತೀರ್ಮಾನ

ಭಾನುವಾರ ಕಾಲು ಗಂಟೆ ಸಾಕು. ಎಷ್ಟು ಚುಕ್ಕೆ, ಎಲ್ಲಿ ತಪ್ಪಿತು, ಮುಂದಿನ ವಾರ ಏನು ಬದಲಾಯಿಸಬೇಕು. ಎರಡು ವಾರ ಒಂದೇ ದಿನ ತಪ್ಪಿದ್ದರೆ ದಿನವನ್ನೇ ಬದಲಿಸಿ. ಗುರುವಾರ ಸಂತೆಯಿದ್ದರೆ ಗುರುವಾರ ಓದಲಾಗುವುದಿಲ್ಲ, ಅಷ್ಟೇ.

ಮೂರು ತಿಂಗಳಾದ ಮೇಲೆ ಮೂರರಲ್ಲಿ ಒಂದು ತೀರ್ಮಾನ ಮಾಡಿ: ಮುಂದುವರಿಸುವುದು, ಚಿಕ್ಕದು ಮಾಡುವುದು, ಬಿಡುವುದು. ಅರ್ಧಕ್ಕಿಂತ ಹೆಚ್ಚು ಚೌಕಗಳಲ್ಲಿ ಗುರುತಿದ್ದರೆ ಮುಂದುವರಿಸಿ. ಕಡಿಮೆ ಇದ್ದರೆ ಗುರಿಯನ್ನು ಅರ್ಧಕ್ಕೆ ಇಳಿಸಿ ಇನ್ನೊಂದು ಸಲ ಮೂರು ತಿಂಗಳು ನೋಡಿ. ಆಗಲೂ ಆಗದಿದ್ದರೆ, ಅಥವಾ ಈಗ ಅದು ಬೇಕು ಅನ್ನಿಸದಿದ್ದರೆ, ಬಿಡುವುದರಲ್ಲಿ ತಪ್ಪಿಲ್ಲ. ಯಾಕೆ ಬಿಟ್ಟೆ ಅಂತ ಎರಡು ಸಾಲು ಬರೆದು ತಾರೀಖು ಹಾಕಿ ಬಿಡಿ. ಹೇಳದೆ ಕೇಳದೆ ಜಾರಿಹೋದ ಗುರಿ ವರ್ಷಗಟ್ಟಲೆ ಮನಸ್ಸನ್ನು ಚುಚ್ಚುತ್ತದೆ.

ಸರ್ಕಾರಿ ಪರೀಕ್ಷೆಗೆ ಓದುವವರು ಬಿಡುವ ದಿನವನ್ನು ಶುರುವಿನಲ್ಲೇ ಬರೆದಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬರೆದು, ಮನೆಯಲ್ಲಿ ಹೇಳಿ. "ಅಪ್ಪ, ಇನ್ನು ಎರಡು ವರ್ಷ ಪೂರ್ತಿ ಮನಸ್ಸಿಟ್ಟು ಓದ್ತೀನಿ. ಆಗಲಿಲ್ಲ ಅಂದ್ರೆ ಮೈಸೂರಲ್ಲೇ ಕೆಲಸಕ್ಕೆ ಸೇರ್ತೀನಿ. ಅಲ್ಲಿವರೆಗೂ ಯಾರಾದ್ರೂ ಕೇಳಿದ್ರೆ ಓದ್ತಾ ಇದ್ದಾನೆ ಅಂತಷ್ಟೇ ಹೇಳಿ." ಅಪ್ಪನಿಗೆ ನೆಂಟರ ಮುಂದೆ ಹೇಳಲು ಒಂದು ಮಾತು ಸಿಗುತ್ತದೆ, ನಿಮಗೆ ಎರಡು ವರ್ಷದ ನೆಮ್ಮದಿ ಸಿಗುತ್ತದೆ. ಕೊನೆಯ ಆರು ತಿಂಗಳಲ್ಲಿ ಓದಿನ ಹೊತ್ತಿನಿಂದಲೇ ವಾರಕ್ಕೆ ಎರಡು ಗಂಟೆ ತೆಗೆದು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿಯನ್ನೋ, ಕನ್ನಡ-ಇಂಗ್ಲಿಷ್ ಟೈಪಿಂಗನ್ನೋ ಕಲಿಯಿರಿ. ಪರೀಕ್ಷೆ ಪಾಸಾದರೆ ಕಚೇರಿಯಲ್ಲಿ ಬೇಕಾಗುತ್ತದೆ, ಆಗದಿದ್ದರೆ ಮಾರನೆಯ ತಿಂಗಳೇ ಒಂದು ಅಕೌಂಟ್ಸ್ ಆಫೀಸಿನಲ್ಲಿ ಕೆಲಸ ಕೇಳಲು ಧೈರ್ಯವಾಗಿ ಹೋಗಬಹುದು.